ಮಂಗಳೂರಿನಲ್ಲಿ ಪ್ರೆಶರ್ ಫಿಟ್ಟಿಂಗ್ ಕೊಂಡದ್ದು: ಎರಡು ಅಂಗಡಿಗಳ ರಿವ್ಯೂ

ಪ್ರೆಶರ್ ಫಿಟ್ಟಿಂಗ್ ಅಂದರೆ ಒತ್ತಡದಲ್ಲಿ ಗ್ಯಾಸು, ಸ್ಟೀಮು ಓಡುವ ಪೈಪುಗಳನ್ನು ಜೋಡಿಸುವ ಉಕ್ಕಿನ ತುಂಡುಗಳು. ಮೊದಲೇ ಹೇಳಿಬಿಡುತ್ತೇನೆ, ಅಂಗಡಿಗಳ ಹೆಸರು ಬರೆಯುವುದಿಲ್ಲ. ಒಂದನ್ನು ಬೈಯಬೇಕು, ಇನ್ನೊಂದನ್ನು ಹೊಗಳಬೇಕು. ಈ ಲೈನಿನವರೆಲ್ಲ ಒಬ್ಬರಿಗೊಬ್ಬರು ಪರಿಚಯ, ಹೊಗಳಿದವರ ಹೆಸರು ಹಾಕಿದರೆ ಬೈಸಿಕೊಂಡವರು ಯಾರು ಅಂತ ಅರ್ಧ ಗಂಟೆಯಲ್ಲಿ ಬಂದರಿನಿಂದ ಬೈಕಂಪಾಡಿವರೆಗೆ ಗೊತ್ತಾಗುತ್ತದೆ. ಹೆಸರಿಲ್ಲದ ರಿವ್ಯೂ ಯಾಕೆ ಅಂತ ಕೇಳಬಹುದು. ಪೂರ್ತಿ ಓದಿದರೆ ನಿಮ್ಮ ಊರಿನ ಯಾವ ಅಂಗಡಿ ಯಾವ ಜಾತಿಯದ್ದು ಅಂತ ನಿಮಗೇ ಗೊತ್ತಾಗುತ್ತದೆ.

ನಾನು ಮಲ್ಪೆ ಕಡೆಯ ಒಂದು ಐಸ್ ಪ್ಲಾಂಟಿನ ಮೆಂಟೆನೆನ್ಸ್ ನೋಡಿಕೊಳ್ಳುವವನು. ನಮ್ಮ ವರ್ಷದ ರಿಪೇರಿಯೆಲ್ಲ ಮೀನುಗಾರಿಕೆಗೆ ರಜೆ ಇರುವಾಗಲೇ ಆಗಬೇಕು. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಬೋಟುಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ಕಟ್ಟಿರುತ್ತವೆ, ಐಸಿಗೆ ಕೇಳುವವರಿಲ್ಲ, ಹೊರಗೆ ಮಳೆ ಬಿಡುವುದಿಲ್ಲ. ಆಗಸ್ಟ್ ಒಂದಕ್ಕೆ ಪ್ಲಾಂಟ್ ಓಡಲೇಬೇಕು, ಇಲ್ಲದಿದ್ದರೆ ಬೋಟಿನವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಹೋದ ಸಲ ರಿಸೀವರ್‌ನಿಂದ (ಶೀತದ ದ್ರವ ಶೇಖರಿಸುವ ಟ್ಯಾಂಕಿನಿಂದ) ಹೊರಡುವ ಲಿಕ್ವಿಡ್ ಲೈನ್ ಬದಲಿಸುವ ಕೆಲಸ ಇತ್ತು. ಇನ್ಸುಲೇಶನ್ ಬಿಚ್ಚಿ ನೋಡಿದರೆ ಪೈಪು ಪದರ ಪದರವಾಗಿ ಏಳುತ್ತಿತ್ತು. ಸಮುದ್ರದ ಪಕ್ಕ ಅಲ್ವಾ, ಇನ್ಸುಲೇಶನ್ ಒಳಗೆ ನೀರು ಹೊಕ್ಕರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಬೇಕಾಗಿದ್ದದ್ದು ಇಷ್ಟೇ: ಒಂದು ಇಂಚಿನ ಸಾಕೆಟ್ ವೆಲ್ಡ್ (ಬಾಯಿಯೊಳಗೆ ಪೈಪು ತೂರಿಸಿ ಸುತ್ತ ವೆಲ್ಡ್ ಮಾಡುವ) ಟೀ, ಅಂದರೆ ಕವಲು ತುಂಡು, ನಾಲ್ಕು, ತಿರುವಿನ ಎಲ್ಬೋ ಎಂಟು, ನೇರ ಜೋಡಿಸುವ ಕಪ್ಲಿಂಗ್ ಒಂದಿಷ್ಟು, ಬೋಲ್ಟ್ ಹಾಕಿ ಕೂಡಿಸುವ ಫ್ಲ್ಯಾಂಜ್ ಎರಡು ಜೊತೆ, ಒತ್ತಡ ತೋರಿಸುವ ಗೇಜ್ ಒಂದು. ಒಂದು ಆಟೋರಿಕ್ಷಾದ ಹಿಂದೆ ಹಿಡಿಯುವಷ್ಟು ಮಾಲು.

ಒಳಗೆ ಓಡುವುದು ಅಮೋನಿಯಾ. ಇದು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಬಯಲಿನ ಒತ್ತಡದಲ್ಲಿ ಅಮೋನಿಯಾ ಮೈನಸ್ 33 ಡಿಗ್ರಿಗೇ ಕುದಿಯುತ್ತದೆ. ಕಂಡೆನ್ಸರ್‌ನಲ್ಲಿ (ಗ್ಯಾಸನ್ನು ಆರಿಸಿ ದ್ರವ ಮಾಡುವ ಭಾಗ) 40 ಡಿಗ್ರಿ ಇದೆ ಅಂದರೆ ಗೇಜ್ ಸುಮಾರು 14.5 ಬಾರ್ ತೋರಿಸುತ್ತದೆ. ನಮ್ಮ ಬೇಸಗೆಯಲ್ಲಿ ಅದೇನು ದೊಡ್ಡ ಮಾತಲ್ಲ. ಒಂದು ಟೀ ಒಡೆದರೆ ನೀರು ಚಿಮ್ಮಿದ ಹಾಗಲ್ಲ, ಪಕ್ಕದ ಮನೆಯವರೂ ಓಡಬೇಕಾಗುತ್ತದೆ. ಇದನ್ನು ಪ್ಲಂಬಿಂಗ್ ಸಾಮಾನಿನ ಜೊತೆ ಸೇರಿಸಿ ಮಾರಬಾರದು, ಕೊಳ್ಳಲೂಬಾರದು.

ಮೊದಲನೇ ಅಂಗಡಿ. ಬಂದರಿನ ಕಡೆಯದ್ದು, ಅಂದರೆ ಹಳೇ ಬಂದರು. ಮಾತು ಚೆಂದ, ಚಹಾ ಬಂತು, ಕೂರಲು ಕುರ್ಚಿ ಬಂತು. ಕೇಳಿದ್ದು ಎರಡೇ ಪ್ರಶ್ನೆ, ಯಾವ ಸೈಜು, ಎಷ್ಟು ಪೀಸು. ನಾನು ಚೀಟಿಯಲ್ಲಿ "ಎ105, 3000 ಕ್ಲಾಸ್, ಸಾಕೆಟ್ ವೆಲ್ಡ್" ಅಂತ ಬರೆದುಕೊಂಡು ಹೋಗಿದ್ದೆ. ಎ105 ಉಕ್ಕಿನ ಹೆಸರು, 3000 ಕ್ಲಾಸ್ ಫಿಟ್ಟಿಂಗಿನ ದರ್ಜೆ. ಹತ್ತು ನಿಮಿಷದಲ್ಲಿ ಗೋಣಿಯಲ್ಲಿ ಕಟ್ಟಿ ಕೊಟ್ಟರು. ಪೀಸುಗಳು ಫಳಫಳ ಹೊಳೆಯುತ್ತಿದ್ದವು, ಎಣ್ಣೆ ಹಚ್ಚಿ ಒರೆಸಿದ ಹಾಗೆ. ಮೈಮೇಲೆ ಎ105 ಅಂತ ಗುದ್ದಿತ್ತು. ಟಿಸಿ, ಅಂದರೆ ಟೆಸ್ಟ್ ಸರ್ಟಿಫಿಕೇಟ್ ಕೇಳಿದೆ. "ಅದೂ ಉಂಟು" ಅಂತ ಒಂದು ಜೆರಾಕ್ಸ್ ಮಡಚಿ ಕೊಟ್ಟರು. ನಾನು ಅದನ್ನು ಓದದೆ ಜೇಬಿಗೆ ಹಾಕಿದೆ. ಈ ಇಡೀ ಕತೆಯಲ್ಲಿ ನನ್ನ ತಪ್ಪು ಇದೊಂದೇ, ಆದರೆ ಉಳಿದದ್ದೆಲ್ಲ ಅದರಿಂದಲೇ ಹುಟ್ಟಿದ್ದು.

ವೆಲ್ಡಿಂಗ್ ಮುಗಿಯಿತು. ಅಮೋನಿಯಾ ಲೈನಿಗೆ ನೀರು ತುಂಬಿ ಟೆಸ್ಟ್ ಮಾಡಲು ನಮಗೆ ಮನಸ್ಸಿಲ್ಲ, ಒಳಗೆ ನೀರು ಉಳಿದರೆ ಮತ್ತೆ ತಲೆನೋವು. ಡ್ರೈ ನೈಟ್ರೋಜನ್ ಹಾಕುತ್ತೇವೆ, ಹಂತ ಹಂತವಾಗಿ, ಜನರನ್ನು ದೂರ ನಿಲ್ಲಿಸಿ. ಗ್ಯಾಸಿನ ಟೆಸ್ಟ್ ನೀರಿನ ಟೆಸ್ಟಿನ ಹಾಗಲ್ಲ, ಒತ್ತಿ ಹಿಡಿದ ಗ್ಯಾಸಿನಲ್ಲಿ ಕಟ್ಟಿಟ್ಟ ಶಕ್ತಿ ತುಂಬಾ ಜಾಸ್ತಿ, ಏನಾದರೂ ಬಿಟ್ಟರೆ ಗುಂಡು ಹೊಡೆದ ಹಾಗೆ ಹಾರುತ್ತದೆ. ಆಕ್ಸಿಜನ್ ಸಿಲಿಂಡರ್ ಮಾತ್ರ ಯಾವತ್ತೂ ಕಟ್ಟಬೇಡಿ, ಕಂಪ್ರೆಸರ್ ಎಣ್ಣೆ ಒಳಗೆ ಇರುವಾಗ ಅದು ಬೆಂಕಿ ಹಚ್ಚಿದ ಹಾಗೆಯೇ. ಸರಿ, ಮೊದಲ ಹಂತದಲ್ಲೇ ನಿಲ್ಲಿಸಿ ಸೋಪಿನ ನೀರು ಹಚ್ಚಿದರೆ ಒಂದು ಟೀಯ ಮೇಲೆ ಗುಳ್ಳೆ. ವೆಲ್ಡರ್ ತಲೆ ತಗ್ಗಿಸಿಕೊಂಡು ಹತ್ತಿರ ಹೋಗಿ ನೋಡಿದ, ಆಮೇಲೆ ತಲೆ ಎತ್ತಿಕೊಂಡೇ ಬಂದ. ಗುಳ್ಳೆ ವೆಲ್ಡಿಂದ ಬರುತ್ತಿರಲಿಲ್ಲ. ಟೀಯ ಮೈಯಿಂದಲೇ ಬರುತ್ತಿತ್ತು, ಕವಲು ಒಡೆಯುವ ಕುತ್ತಿಗೆಯ ಹತ್ತಿರ.

ಪ್ರೆಶರ್ ಇಳಿಸಿ, ಆ ಟೀ ಕತ್ತರಿಸಿ ತೆಗೆದು ಬೆಳಕಿಗೆ ಹಿಡಿದಾಗ ಕಣ್ಣು ತೆರೆಯಿತು. ಅದು ಫೋರ್ಜ್ ಮಾಡಿದ, ಅಂದರೆ ಕಾಯಿಸಿ ಡೈಯಲ್ಲಿ (ಅಚ್ಚಿನಲ್ಲಿ) ಬಡಿದು ಮಾಡಿದ ಟೀ ಅಲ್ಲವೇ ಅಲ್ಲ. ದಪ್ಪ ಬಾರ್, ಅಂದರೆ ಉಕ್ಕಿನ ಸರಳು, ಕತ್ತರಿಸಿ, ಲೇತ್‌ಗೆ ಹಾಕಿ ಕೊರೆದು ಮಾಡಿದ್ದು. ಅದಕ್ಕೇ ಅಷ್ಟು ಹೊಳಪು! ಫೋರ್ಜ್ ಮಾಡಿದ ಪೀಸಿನ ಮೈ ಒರಟಾಗಿರುತ್ತದೆ, ಎರಡು ಡೈ ಕೂಡುವಲ್ಲಿ ಸುತ್ತಲೂ ಒಂದು ಗೆರೆ ಕಾಣುತ್ತದೆ, ಲೇತ್ ಮುಟ್ಟಿರುವುದು ಬಾಯಿಯ ಹತ್ತಿರ ಮಾತ್ರ. ಎ105 ಸ್ಪೆಸಿಫಿಕೇಶನ್‌ನಲ್ಲೂ, ಇಂಥ ಫಿಟ್ಟಿಂಗಿನ ಅಳತೆ ಹೇಳುವ ಬಿ16.11ರಲ್ಲೂ ಇದನ್ನು ಬಿಡಿಸಿ ಹೇಳಿದ್ದಾರೆ, ಟೀ ಮತ್ತು ಎಲ್ಬೋಗಳನ್ನು ನೇರವಾಗಿ ಬಾರ್‌ನಿಂದ ಕೊರೆದು ಮಾಡುವ ಹಾಗಿಲ್ಲ. ಕಪ್ಲಿಂಗ್ ತರಹದ ಉರುಟು ಸಾಮಾನು ಆದರೆ ಕೆಲವು ಷರತ್ತಿನ ಮೇಲೆ ನಡೆಯುತ್ತದೆ.

ಯಾಕೆ ಅಂದರೆ, ಬಾರ್‌ನಲ್ಲಿ ಉಕ್ಕಿನ ನಾರು ಉದ್ದಕ್ಕೆ ಓಡುತ್ತದೆ, ಮರದ ಹಾಗೆಯೇ. ಒಳಗಿನ ಕಸರು, ಸಲ್ಫೈಡ್ ಗೆರೆಗಳು ಎಲ್ಲ ಆ ನಾರಿನ ಜೊತೆಗೇ ಎಳೆದುಕೊಂಡು ಹೋಗಿರುತ್ತವೆ. ಕಪ್ಲಿಂಗಿನಲ್ಲಿ ನಾರು ಗೋಡೆಯ ಉದ್ದಕ್ಕೇ ಇರುವುದರಿಂದ ತೊಂದರೆ ಇಲ್ಲ. ಟೀಯ ಕವಲಿಗೆ ಬಂದಾಗ ಅದೇ ನಾರು ಗೋಡೆಯನ್ನು ಅಡ್ಡಕ್ಕೆ ದಾಟುತ್ತದೆ, ಒಂದು ತುದಿ ಒಳಗೆ, ಇನ್ನೊಂದು ತುದಿ ಹೊರಗೆ. ಮಳೆಗಾಲದಲ್ಲಿ ಮರದ ಪಕ್ಕಾಸಿನ ಕಡಿದ ತುದಿಯಿಂದ ನೀರು ಎಳೆದುಕೊಳ್ಳುತ್ತದಲ್ಲ, ಮೈಯಿಂದ ಅಷ್ಟು ಎಳೆಯುವುದಿಲ್ಲ, ಹಾಗೆ. ಫೋರ್ಜ್ ಮಾಡುವಾಗ ನಾರು ಕವಲಿನ ಜೊತೆಗೇ ಬಾಗುತ್ತದೆ. ನಮ್ಮ ಟೀಯಲ್ಲಿ ಗ್ಯಾಸ್ ದಾರಿ ಹುಡುಕಿಕೊಂಡದ್ದು ಅಲ್ಲೇ.

ಆಮೇಲೆ ಜೇಬಿನ ಜೆರಾಕ್ಸ್ ತೆಗೆದೆ. ಮಳೆಗೆ ಒದ್ದೆಯಾಗಿ ಅಂಟಿತ್ತು, ಬಿಡಿಸಿ ಇಸ್ತ್ರಿ ಪೆಟ್ಟಿಗೆ ಇಟ್ಟು ಒಣಗಿಸಿ ಓದಿದೆ. ಮೇಲೆ ದಪ್ಪ ಅಕ್ಷರದಲ್ಲಿ ಎ105. ಕೆಳಗೆ ಕಾರ್ಬನ್ 0.19, ಅದು ಸರಿ, ಎ105ರಲ್ಲಿ 0.35ಕ್ಕಿಂತ ಹೆಚ್ಚಿರಬಾರದು ಅಷ್ಟೇ. ಯೀಲ್ಡ್, ಅಂದರೆ ಎಳೆದಾಗ ಉಕ್ಕು ಮತ್ತೆ ಮೊದಲಿನ ಹಾಗಾಗದಂತೆ ಹಿಗ್ಗಲು ಶುರುವಾಗುವ ಮಟ್ಟ, 268 ಮೆಗಾಪ್ಯಾಸ್ಕಲ್, ಅದೂ ಸರಿ, ಕನಿಷ್ಠ 250 ಬೇಕು. ಟೆನ್ಸೈಲ್, ಅಂದರೆ ತುಂಡಾಗುವ ಮೊದಲು ತಡೆಯುವ ಎಳೆತ, 432. ಇಲ್ಲಿ ಸಿಕ್ಕಿಬಿದ್ದರು. ಎ105ಕ್ಕೆ ಕನಿಷ್ಠ 485 ಬೇಕು. 410ರ ಮೇಲಿದ್ದರೆ ಸಾಕು ಅನ್ನುವುದು ಐಎಸ್ 2062ರ ಇ250, ಅಂದರೆ ಶೆಡ್ಡಿನ ಕಂಬಕ್ಕೆ, ಗೇಟಿಗೆ, ಆ್ಯಂಗಲ್ಲಿಗೆ ಹಾಕುವ ಉಕ್ಕು. ಹೆಸರು ಎ105ರದ್ದು, ಅಂಕಿ ಗೇಟಿನದ್ದು. ಸುಳ್ಳು ಹೇಳುವಾಗಲೂ ಅಂಕಿ ಬದಲಿಸುವಷ್ಟು ಆಸಕ್ತಿ ಅವರಿಗೆ ಇರಲಿಲ್ಲ, ಯಾರೂ ಓದುವುದಿಲ್ಲ ಅಂತ ಗೊತ್ತಿತ್ತು. ನಾನೂ ಓದಿರಲಿಲ್ಲವಲ್ಲ.

ವಾಪಸ್ ಹೋದೆ. ಈ ಸಲ ಚಹಾ ಬರಲಿಲ್ಲ. "ಇಷ್ಟು ವರ್ಷದಿಂದ ಇದನ್ನೇ ಕೊಡುತ್ತಿದ್ದೇವೆ, ಯಾರೂ ಕಂಪ್ಲೇಂಟ್ ಮಾಡಿಲ್ಲ" ಅಂದರು. ಬೇಕಾದರೆ ಗನ್ ತರಿಸಿ ಚೆಕ್ ಮಾಡಿಸುತ್ತೇವೆ ಅಂದರು. ಗನ್ ಅಂದರೆ ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಮಿಷನ್, ಪೀಸಿಗೆ ಒತ್ತಿ ಹಿಡಿದರೆ ಕ್ರೋಮಿಯಂ, ನಿಕಲ್, ಮ್ಯಾಂಗನೀಸ್ ಎಷ್ಟು ಅಂತ ತೋರಿಸುತ್ತದೆ. ಎಸ್‌ಎಸ್ 304 ಯಾವುದು 316 ಯಾವುದು ಅಂತ ಬೇರೆ ಮಾಡಲು ಅದು ಒಳ್ಳೆಯದು. ಆದರೆ ಕೈಗನ್ನಿಗೆ ಕಾರ್ಬನ್ ಕಾಣುವುದಿಲ್ಲ, ಗಟ್ಟಿತನವಂತೂ ಮೊದಲೇ ಕಾಣುವುದಿಲ್ಲ. ಸಾದಾ ಉಕ್ಕಿನ ಒಂದು ಗ್ರೇಡಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಅದರಲ್ಲಿ ಹಿಡಿಯಲು ಹೋಗುವುದು ಕನ್ನಡಕ ಹಾಕಿಕೊಂಡು ಹಾಡು ಕೇಳಿದ ಹಾಗೆ. ಕಾರ್ಬನ್ ಬೇಕಿದ್ದರೆ ಸ್ಪಾರ್ಕ್ ಸ್ಪೆಕ್ಟ್ರೋ ಇರುವ ಲ್ಯಾಬ್ ಬೇಕು, ಟೆನ್ಸೈಲ್ ಬೇಕಿದ್ದರೆ ಪೀಸು ಕತ್ತರಿಸಿ ಎಳೆಯಬೇಕು. ಇದನ್ನು ಹೇಳಿದ ಮೇಲೆ ಸುಮ್ಮನಾದರು. ಕೊನೆಗೆ ವೆಲ್ಡ್ ಮಾಡದೆ ಉಳಿದಿದ್ದ ಪೀಸುಗಳ ದುಡ್ಡು ಮಾತ್ರ ಕೊಟ್ಟರು, ಅದೂ ಮುಂದಿನ ಬಿಲ್ಲಿನಲ್ಲಿ ಕಳೆಯುತ್ತೇವೆ ಅಂತ. ಮುಂದಿನ ಬಿಲ್ಲು ಎಲ್ಲಿಂದ ಬರಬೇಕು ಮಾರಾಯ್ರೆ.

ಎರಡನೇ ಅಂಗಡಿ ಬೈಕಂಪಾಡಿ ಕಡೆಯದ್ದು. ನನಗೆ ಅದನ್ನು ಹೇಳಿದ್ದು ಇನ್ನೊಂದು ಪ್ಲಾಂಟಿನ ಹಳೇ ಆಪರೇಟರ್. ಅಂಗಡಿ ಅನ್ನುವುದಕ್ಕಿಂತ ಗೋಡೌನ್. ಬೋರ್ಡ್ ಮಾಸಿದೆ, ಒಳಗೆ ಕತ್ತಲೆ, ಫ್ಯಾನ್ ಇಲ್ಲ, ನಾಯಿ ಒಂದು ಬಾಗಿಲಿಗೇ ಮಲಗಿತ್ತು. ಚೀಟಿ ಕೊಟ್ಟೆ. ಓನರ್ ಕನ್ನಡಕ ಏರಿಸಿ ಓದಿದರು, ಕೆಳಗಿಟ್ಟರು, ನನ್ನ ಮುಖ ನೋಡಿ ಕೇಳಿದ ಮೊದಲ ಮಾತು, "ಉಳಾಯಿ ದಾದ ಪೋಪುಂಡು?" ತುಳುವಿನಲ್ಲಿ, ಒಳಗೆ ಏನು ಹೋಗುತ್ತದೆ ಅಂತ. ಅಮೋನಿಯಾ ಅಂದೆ. ಎಷ್ಟು ತಣ್ಣಗೆ? ಐಸ್ ಪ್ಲಾಂಟೋ, ಬ್ಲಾಸ್ಟ್ ಫ್ರೀಜರೋ? ಪೈಪು ಯಾವುದು, ಶೆಡ್ಯೂಲ್ (ಗೋಡೆಯ ದಪ್ಪದ ನಂಬರು) ಎಷ್ಟು? ವೆಲ್ಡಾ, ಥ್ರೆಡ್ಡಾ? ರೇಟಿನ ಮಾತು ಬರಲು ಹದಿನೈದು ನಿಮಿಷ ಆಯಿತು. ನನ್ನ ಪ್ರಕಾರ ಈ ಅಂಗಡಿಗೆ ಸಿಗುವ ಅರ್ಧ ಮಾರ್ಕು ಆ ಮೊದಲ ಪ್ರಶ್ನೆಗೇ ಹೋಗಬೇಕು.

ಶೆಡ್ಯೂಲ್ ಯಾಕೆ ಕೇಳಿದರು ಅಂತ ನನಗೂ ಆಗ ಪೂರ್ತಿ ಗೊತ್ತಿರಲಿಲ್ಲ. ನಾವೆಲ್ಲ 3000 ಕ್ಲಾಸ್ ಅಂದರೆ 3000 ಪಿಎಸ್‌ಐ ತಡೆಯುತ್ತದೆ ಅಂತ ಅಂದುಕೊಂಡಿರುತ್ತೇವೆ. ಹಾಗಲ್ಲ. ಆ ನಂಬರು ಪೈಪಿನ ದಪ್ಪಕ್ಕೆ ಜೋಡಿ. ಸಾಕೆಟ್ ವೆಲ್ಡ್ ಆದರೆ 3000 ಕ್ಲಾಸ್ ಶೆಡ್ಯೂಲ್ 80 ಪೈಪಿಗೆ ಸಮ, 6000 ಶೆಡ್ಯೂಲ್ 160ಕ್ಕೆ ಸಮ. ಅದೇ ಥ್ರೆಡ್ ಆದರೆ 2000 ಕ್ಲಾಸ್ ಶೆಡ್ಯೂಲ್ 80ಕ್ಕೆ, 3000 ಶೆಡ್ಯೂಲ್ 160ಕ್ಕೆ. ಫಿಟ್ಟಿಂಗ್ ಎಷ್ಟು ತಡೆಯುತ್ತದೆ ಅನ್ನುವುದು ಅದಕ್ಕೆ ಸಮನಾದ, ಅದೇ ತರದ ಉಕ್ಕಿನ ಪೈಪು ಆ ಬಿಸಿಯಲ್ಲಿ ಎಷ್ಟು ತಡೆಯುತ್ತದೋ ಅಷ್ಟೇ. ಈ ಲೆಕ್ಕವನ್ನು ಅವರು ಬಿಲ್ ಬುಕ್ಕಿನ ಹಿಂದೆ ಬರೆದು ತೋರಿಸಿದರು. ಆ ಹಾಳೆ ಇನ್ನೂ ನನ್ನ ಪರ್ಸಿನಲ್ಲಿದೆ.

ಇನ್ನೊಂದು ಗೊಂದಲವನ್ನೂ ಅಲ್ಲೇ ಬಿಡಿಸಿಕೊಂಡೆ. ಕೋಡ್ ಪ್ರಕಾರ ಬೇಕು ಅಂತ ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ, ಆದರೆ ಅದರಲ್ಲಿ ಮೂರು ಬೇರೆ ಬೇರೆ ಪುಸ್ತಕ ಇದೆ. ಎ105, ಎ106 ಅನ್ನುವುದು ಉಕ್ಕು ಯಾವುದು ಅಂತ. ಬಿ16.11, ಬಿ16.9, ಬಿ16.5 ಅನ್ನುವುದು ಫಿಟ್ಟಿಂಗಿನ, ಫ್ಲ್ಯಾಂಜಿನ ಅಳತೆ ಮತ್ತು ಕ್ಲಾಸ್. ಬಿ31 ಅನ್ನುವುದು ಲೈನ್ ಕಟ್ಟುವ ಕೋಡು, ಯಾವ ಕೆಲಸಕ್ಕೆ ಯಾವ ಉಕ್ಕು, ಎಷ್ಟು ದಪ್ಪ, ಹೇಗೆ ಟೆಸ್ಟ್ ಅಂತ ಹೇಳುವುದು ಅದು. ನಮ್ಮ ಶೀತದ ಲೈನಿಗೆ ಬಿ31.5, ಪವರ್ ಸ್ಟೀಮಿಗೆ ಬಿ31.1, ರಿಫೈನರಿ, ಕೆಮಿಕಲ್ ಪ್ಲಾಂಟಿಗೆ ಬಿ31.3. ಅಂಗಡಿಯಲ್ಲಿ ಬಿ16.11 ಅಂತ ಮಾತ್ರ ಹೇಳಿದರೆ ಅಳತೆ ಹೇಳಿದ ಹಾಗಾಯಿತು, ಬಟ್ಟೆ ಯಾವುದು ಅಂತ ಹೇಳದೆ ಟೈಲರ್‌ಗೆ ಅಳತೆ ಕೊಟ್ಟ ಹಾಗೆ.

ಉಕ್ಕಿನ ಹೆಸರು ನೆನಪಿಡಲು ಅವರದ್ದೇ ಒಂದು ದಾರಿ ಇತ್ತು. ಎಲ್ಲ ಒಂದೇ ಮನೆಯವರು, ಹುಟ್ಟಿದ ರೀತಿ ಬೇರೆ ಅಷ್ಟೇ ಅಂದರು. ಜೋಡಣೆ ಇಲ್ಲದ ಪೈಪು ಎ106 ಗ್ರೇಡ್ ಬಿ. ಪೈಪನ್ನೇ ಬಗ್ಗಿಸಿ, ಉಬ್ಬಿಸಿ ಮಾಡಿದ ಬಟ್ ವೆಲ್ಡ್ (ತುದಿಗೆ ತುದಿ ತಾಗಿಸಿ ವೆಲ್ಡ್ ಮಾಡುವ) ಬೆಂಡು ಎ234 ಡಬ್ಲ್ಯುಪಿಬಿ. ಕಾಯಿಸಿ ಬಡಿದು ಮಾಡಿದ ಸಣ್ಣ ಫಿಟ್ಟಿಂಗು, ಫ್ಲ್ಯಾಂಜು ಎ105. ಕರಗಿಸಿ ಹೊಯ್ದ ವಾಲ್ವಿನ ಮೈ ಎ216 ಡಬ್ಲ್ಯುಸಿಬಿ. ನಾಲ್ಕನ್ನೂ ಒಂದರ ಜೊತೆ ಒಂದು ವೆಲ್ಡ್ ಮಾಡಬಹುದು. ಗೋಡೆಯಲ್ಲಿ ಒರಗಿಸಿದ್ದ ನೀಲಿ ಪಟ್ಟಿ, ಕೆಂಪು ಪಟ್ಟಿಯ ಪೈಪು ತೋರಿಸಿ ಇದು ಆಗುವುದಿಲ್ಲವಾ ಅಂತ ಕೇಳಿದೆ, ಐಎಸ್ 1239ರ ಮೀಡಿಯಂ ಮತ್ತು ಹೆವಿ ಅವು. "ನೀರಿಗೆ, ಗಾಳಿಗೆ ಬೇಕಾದರೆ ಕೊಂಡುಹೋಗಿ, ಅಮೋನಿಯಾಕ್ಕೆ ನಾನು ಕೊಡುವುದಿಲ್ಲ" ಅಂದರು. ಅದಕ್ಕೆ ಟೆನ್ಸೈಲ್ ಕನಿಷ್ಠ 320 ಇದ್ದರೆ ಸಾಕು, ಎ106 ಬಿಗೆ 415 ಬೇಕು. ಮಾರುವವರೇ ಬೇಡ ಅನ್ನುವುದನ್ನು ನಾನು ಕೇಳಿದ್ದು ಅದೇ ಮೊದಲು.

ಗೇಜ್ ವಿಷಯಕ್ಕೆ ಬರೋಣ. ಬಂದರಿನ ಅಂಗಡಿಯಲ್ಲಿ ಕೊಟ್ಟಿದ್ದ ಗೇಜ್ ನೋಡಲು ಚೆನ್ನಾಗಿತ್ತು, ಕೆಳಗಿನ ಥ್ರೆಡ್ ಹಿತ್ತಾಳೆಯದ್ದು. ಅದನ್ನು ನಮ್ಮ ಹಳೇ ಆಪರೇಟರ್ ಮೊದಲ ದಿನವೇ ನೋಡಿ ಪಕ್ಕಕ್ಕೆ ಎಸೆದಿದ್ದರು. ಅಮೋನಿಯಾಕ್ಕೂ ತಾಮ್ರಕ್ಕೂ ಆಗುವುದಿಲ್ಲ. ತಾಮ್ರ ಸವೆಯುತ್ತದೆ, ಹಿತ್ತಾಳೆಯಾದರೆ ಒಳಗಿನ ಬಿಗಿತಕ್ಕೆ ಸುಮ್ಮನೆ ಬಿರುಕು ಬಿಡುತ್ತದೆ, ಸವೆದ ಗುರುತೂ ಇರುವುದಿಲ್ಲ. ಸತುವಿನ ಲೇಪ ಇರುವ ಜಿಐ ಕೂಡ ಬೇಡ. ಅಮೋನಿಯಾ ಗೇಜ್ ಅಂತಲೇ ಬರುತ್ತದೆ, ಡಯಲ್ ಮೇಲೆ ಬರೆದಿರುತ್ತದೆ, ಒಳಗಿನ ಬಾಗಿದ ಟ್ಯೂಬ್ ಉಕ್ಕಿನದ್ದು. ಬೈಕಂಪಾಡಿಯವರ ಹತ್ತಿರ ಆ ದಿನ ಸ್ಟಾಕ್ ಇರಲಿಲ್ಲ, ಬೇರೆ ಕಡೆಯಿಂದ ತರಿಸಿಕೊಟ್ಟರು, ನಾಲ್ಕು ದಿನ ಹಿಡಿಯಿತು.

ಎಷ್ಟು ತಣ್ಣಗೆ ಅಂತ ಕೇಳಿದ್ದರಲ್ಲ, ಅದು ಸುಮ್ನೆ ಕೇಳಿದ್ದಲ್ಲ. ನಮ್ಮ ಐಸ್ ಪ್ಲಾಂಟಿನ ಕಾಯಿಲ್‌ನಲ್ಲಿ ಅಮೋನಿಯಾ ಮೈನಸ್ 15ರ ಆಸುಪಾಸಿನಲ್ಲಿ ಓಡುತ್ತದೆ, ಅಲ್ಲಿಗೆ ಎ105, ಎ106 ಧಾರಾಳ. ಸಾಮಾನ್ಯವಾಗಿ ಮೈನಸ್ 29ರವರೆಗೆ ಈ ಸಾದಾ ಕಾರ್ಬನ್ ಸ್ಟೀಲ್ ಒಪ್ಪುತ್ತಾರೆ. ಮೀನು ರಫ್ತು ಮಾಡುವವರ ಬ್ಲಾಸ್ಟ್ ಫ್ರೀಜರ್ ಇನ್ನೂ ಕೆಳಗೆ, ಮೈನಸ್ 40ರ ಹತ್ತಿರ ಹೋಗುತ್ತದೆ. ಅಷ್ಟು ತಣ್ಣಗಾದರೆ ಸಾದಾ ಉಕ್ಕು ಬಾಗುವ ಬದಲು ಗಾಜಿನ ಹಾಗೆ ಒಡೆಯಬಹುದು. ಅವರಿಗೆ ಬೇರೆ ಸಂಸಾರವೇ ಬೇಕು: ಪೈಪು ಎ333 ಗ್ರೇಡ್ 6, ಬೆಂಡು ಎ420 ಡಬ್ಲ್ಯುಪಿಎಲ್6, ಫೋರ್ಜ್ ಎ350 ಎಲ್‌ಎಫ್2. ಇವನ್ನು ಮೈನಸ್ 45ರ ಸುಮಾರಿನಲ್ಲಿ ಸುತ್ತಿಗೆ ಪೆಟ್ಟಿನ ಟೆಸ್ಟ್ ಮಾಡಿಯೇ ಕೊಡುತ್ತಾರೆ. ನೋಡಲು ಎ105ಕ್ಕೂ ಎಲ್‌ಎಫ್2ಕ್ಕೂ ಒಂದು ಕೂದಲಿನಷ್ಟೂ ವ್ಯತ್ಯಾಸ ಕಾಣುವುದಿಲ್ಲ, ಎರಡೂ ಒಂದೇ ಕಪ್ಪು. ಆ ಗೋಡೌನಿನಲ್ಲಿ ಎರಡನ್ನೂ ಬೇರೆ ಬೇರೆ ರ‍್ಯಾಕಿನಲ್ಲಿ, ಮಧ್ಯೆ ದಾರಿ ಬಿಟ್ಟು ಇಟ್ಟಿದ್ದರು. ಮಾಸಿದ ಬೋರ್ಡಿಗೆ ನಾನು ಕಳೆದಿದ್ದ ಮಾರ್ಕು ಅಲ್ಲಿ ವಾಪಸ್ ಕೊಟ್ಟೆ.

ತುಕ್ಕಿನ ಕಾಟಕ್ಕೆ ಎಲ್ಲ ಸ್ಟೇನ್‌ಲೆಸ್ ಮಾಡಿಬಿಡೋಣವಾ ಅಂತ ನಮ್ಮ ಧಣಿಗಳ ಆಸೆ ಇತ್ತು. ಓನರ್ ನಕ್ಕರು. ಒಳಗಿನ ಅಮೋನಿಯಾದಿಂದ 304 ಸ್ಟೇನ್‌ಲೆಸ್‌ಗೆ ಏನೂ ಆಗುವುದಿಲ್ಲ, ಆದರೆ ಮಲ್ಪೆಯ ಉಪ್ಪಿನ ಗಾಳಿಗೆ ಹೊರಗೆ ಚಹಾದ ಕಲೆಯ ಹಾಗೆ ಮಚ್ಚೆ ಬೀಳುತ್ತದೆ, ಸಣ್ಣ ಗುಂಡಿ ಬೀಳುತ್ತದೆ, ದುಡ್ಡು ಮೂರು ಪಟ್ಟು ಅಂದರು. ಒಳ್ಳೆ ಪೇಂಟು, ನೀರು ಹೊಗದ ಇನ್ಸುಲೇಶನ್, ಅಷ್ಟು ಮಾಡಿ ಅಂತ ಕಳಿಸಿದರು. ದೊಡ್ಡ ಬಿಲ್ಲನ್ನು ತಾವೇ ತಪ್ಪಿಸಿಕೊಂಡರು.

ಫ್ಲ್ಯಾಂಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ಲೇಟ್ ಕತ್ತರಿಸಿ ಮಾಡಿದ್ದು ಅಗ್ಗಕ್ಕೆ ಸಿಗುತ್ತದೆ, ಬಿ16.5ರ ಲೆಕ್ಕದಲ್ಲಿ ಬ್ಲೈಂಡ್ ತರಹದ ಕೆಲವನ್ನು ಬಿಟ್ಟರೆ ಅದು ನಡೆಯುವುದಿಲ್ಲ, ಫೋರ್ಜ್ ಆಗಿರಬೇಕು. ಇಲ್ಲೂ 150 ಕ್ಲಾಸ್ ಅಂದರೆ 150 ಪಿಎಸ್‌ಐ ಅಂತ ತಿಳಿಯಬೇಡಿ. ಎ105ರ 150 ಕ್ಲಾಸ್ ಫ್ಲ್ಯಾಂಜು 38 ಡಿಗ್ರಿಯಲ್ಲಿ 19.6 ಬಾರ್ ತಡೆಯುತ್ತದೆ, 200 ಡಿಗ್ರಿಗೆ ಹೋದರೆ ಅದೇ ಫ್ಲ್ಯಾಂಜು 13.8ಕ್ಕೆ ಇಳಿಯುತ್ತದೆ. ನಾವು ಮಾರ್ಜಿನ್ ಇರಲಿ ಅಂತ 300 ತೆಗೆದುಕೊಂಡೆವು.

ಈಗ ಕಾಗದ. ಬೈಕಂಪಾಡಿಯವರು ಪೀಸು ಕೊಡುವ ಮೊದಲೇ ಟಿಸಿ ಮೇಜಿನ ಮೇಲೆ ಇಟ್ಟು ಒಂದು ಭೂತಗನ್ನಡಿ ಕೊಟ್ಟರು. ಟೀಯ ಮೈಮೇಲೆ ಏನೇನು ಇರಬೇಕು ಅಂತ ತೋರಿಸಿದರು: ಮಾಡಿದವರ ಗುರುತು, ಎ105, ಬಿ16, 3000 ಅಥವಾ 3ಎಂ, ಸೈಜು, ಎಲ್ಲಕ್ಕಿಂತ ಮುಖ್ಯ ಹೀಟ್ ನಂಬರು. ಉಕ್ಕು ಕುಲುಮೆಯಿಂದ ಒಂದು ಸಲ ಹೊರಬಂದ ಹೊಯ್ಯಿನ ನಂಬರು ಅದು. ಎ105ರ ಕೊನೆಯಲ್ಲಿ ಎನ್ ಅಂತ ಇದ್ದರೆ ನಾರ್ಮಲೈಸ್ ಮಾಡಿದ್ದು, ಅಂದರೆ ಮತ್ತೆ ಕಾಯಿಸಿ ಗಾಳಿಯಲ್ಲಿ ಆರಿಸಿದ್ದು. ಪೀಸಿನ ಮೇಲಿನ ಹೀಟ್ ನಂಬರು ಕಾಗದದಲ್ಲಿ ಇರಲೇಬೇಕು, ಇಲ್ಲದಿದ್ದರೆ ಆ ಕಾಗದ ಬೇರೆ ಯಾರದ್ದೋ ಜಾತಕ. ಬಂದರಿನ ಟೀಯಲ್ಲಿ ಹೀಟ್ ನಂಬರೇ ಇರಲಿಲ್ಲ ಅಂತ ನನಗೆ ಆಗ ಹೊಳೆಯಿತು, ಎ105 ಅಂತ ಗುದ್ದಿದ್ದನ್ನು ನೋಡಿಯೇ ಖುಷಿಪಟ್ಟಿದ್ದೆ. ನಾನು ಹನ್ನೆರಡು ಪೀಸುಗಳನ್ನು ಒಂದೊಂದಾಗಿ ತಾಳೆ ನೋಡಿದೆ. ಒಂದು ಎಲ್ಬೋದ ನಂಬರು ಹೊಂದಲಿಲ್ಲ. ಅವರು ವಾದ ಮಾಡಲಿಲ್ಲ, ಅದನ್ನು ಬದಿಗಿಟ್ಟು ಬೇರೆ ಕೊಟ್ಟರು. ಕಾಗದ ಇಎನ್ 10204ರ 3.1 ಬಗೆಯದ್ದು. ಅಂದರೆ ತಯಾರಿಸಿದವರ ಕಡೆಯವರೇ ಸಹಿ ಹಾಕುತ್ತಾರೆ, ಆದರೆ ಸಹಿ ಹಾಕುವವರು ಉತ್ಪಾದನಾ ವಿಭಾಗದವರಾಗಿರಬಾರದು. ಹೊರಗಿನವರೂ ಬಂದು ನೋಡಿ ಸಹಿ ಹಾಕಿದರೆ 3.2. ನಮಗೆ 3.1 ಸಾಕಿತ್ತು. ಟೆನ್ಸೈಲ್ 521. ಈ ಸಲ ಮೊದಲು ಅದನ್ನೇ ಓದಿದೆ.

ಸ್ಟೀಮಿನವರು, ಅಂದರೆ ಕಾರ್ಕಳ ಕಡೆಯ ಕುಚಲಕ್ಕಿ ಮಿಲ್ಲು, ಗೇರು ಫ್ಯಾಕ್ಟರಿ ಇರುವವರು ಇದನ್ನು ಓದುತ್ತಿದ್ದರೆ, ನಿಮಗೆ 3.1 ಕಾಗದ ಸಾಲುವುದಿಲ್ಲ. ಸ್ಟೀಮ್ ಪ್ರೆಶರ್ 3.5 ಕೆಜಿ ದಾಟಿದರೆ ಆ ಪೈಪು ಬಾಯ್ಲರ್ ಕಾನೂನಿನ ಒಳಗೆ ಬರುತ್ತದೆ. 1923ರ ಹಳೇ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸದು ಬಂದಿದೆ. ಫಿಟ್ಟಿಂಗಿಗೆ, ವಾಲ್ವಿಗೆ ಐಬಿಆರ್, ಅಂದರೆ ಬಾಯ್ಲರ್ ನಿಯಮಗಳ, ಫಾರ್ಮ್ 3ಸಿ ಕೇಳಿ, ಮಾಲು ಕೊಳ್ಳುವಾಗಲೇ ಕೇಳಿ. ಆಮೇಲೆ ತರಿಸಿಕೊಡುತ್ತೇವೆ ಅನ್ನುವ ಮಾತನ್ನು ನಂಬಬೇಡಿ, ಇನ್‌ಸ್ಪೆಕ್ಷನ್ ದಿನ ಬಂದಾಗ ಅಂಗಡಿಯವರ ಫೋನು ಎತ್ತುವುದಿಲ್ಲ. ಎರಡನೇ ಅಂಗಡಿಯಲ್ಲಿ ಐಬಿಆರ್ ಮಾಲು ಬೇರೆಯೇ ಇಟ್ಟಿದ್ದಾರೆ, ರೇಟು ಜಾಸ್ತಿ.

ಹೊಗಳಿದ್ದು ಸಾಕು, ಈ ಅಂಗಡಿಯ ದೂರುಗಳೂ ಇವೆ. ಒಂದು, ರೇಟು. ಬಂದರಿನವರಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಆಯಿತು, ಚೌಕಾಸಿಗೆ ಜಾಗವೇ ಇಲ್ಲ, ಕೇಳಿದರೆ ಸುಮ್ಮನೆ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸುತ್ತಾರೆ. ಕಾಯಿಸುವುದು ಅದಕ್ಕಿಂತ ಕೆಟ್ಟದ್ದು. ದೊಡ್ಡ ಪ್ಲಾಂಟಿನ ಆರ್ಡರ್ ಬಂದರೆ ನಮ್ಮಂಥ ಹನ್ನೆರಡು ಪೀಸಿನ ಗಿರಾಕಿ ಬೆಂಚಿನ ಮೇಲೆ ಕೂತಿರಬೇಕು, ನಾನು ಮಲ್ಪೆಯಿಂದ ಹೆಜಮಾಡಿ ಟೋಲು ಕಟ್ಟಿ ಮಳೆಯಲ್ಲಿ ಬಂದವನು ಎರಡೂವರೆ ಗಂಟೆ ಆ ನಾಯಿಯ ಜೊತೆ ಕೂತಿದ್ದೆ. ಫ್ಲ್ಯಾಂಜಿನ ಟಿಸಿಯನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ ಅಂದವರು ಮೂರು ಸಲ ನೆನಪಿಸಿದ ಮೇಲೆ ಕಳಿಸಿದರು, ಅದೂ ಓರೆಯಾಗಿ ತೆಗೆದ ಫೋಟೋ, ಹೀಟ್ ನಂಬರಿನ ಮೇಲೇ ಹೆಬ್ಬೆರಳಿನ ನೆರಳು. ನಾನು ಮತ್ತೆ ತೆಗೆಸಿದೆ. ಸಣ್ಣವರಿಗೆ ಸಾಲ ಕೊಡುವುದಿಲ್ಲ.

ಮಾಲು ಹಾಕಿದ್ದು ಜುಲೈ ಮೂರನೇ ವಾರ. ಈ ಸಲ ವೆಲ್ಡರ್‌ನ ಪಕ್ಕದಲ್ಲೇ ನಿಂತಿದ್ದೆ. ಸಾಕೆಟ್ಟಿನ ತಳಕ್ಕೆ ಪೈಪು ತಾಗಿಸಿ, ಮತ್ತೆ ಒಂದೂವರೆ ಮಿಲಿಮೀಟರ್ ಹಿಂದಕ್ಕೆ ಎಳೆದು ಟ್ಯಾಕ್ (ಚುಕ್ಕೆ ವೆಲ್ಡ್) ಹಾಕಬೇಕು, ಬಿಸಿಗೆ ಪೈಪು ಹಿಗ್ಗಿದಾಗ ತಳಕ್ಕೆ ಒತ್ತಿ ವೆಲ್ಡ್ ಬಿರುಕು ಬಿಡಬಾರದು ಅಂತ. ಇದನ್ನು ಗೋಡೌನಿನ ಹುಡುಗ ಮಾಲು ಕಟ್ಟುವಾಗ ನೆನಪಿಸಿದ್ದು, ನಮ್ಮ ವೆಲ್ಡರ್‌ಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನೈಟ್ರೋಜನ್ ಹಾಕಿ ಮೇಲೆ ಹೋದೆವು, ಸೋಪಿನ ನೀರು ಹಚ್ಚಿದೆವು, ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಗೇಜಿನ ಮುಳ್ಳು ಕೂದಲೆಳೆಯಷ್ಟು ಇಳಿದಿತ್ತು, ಎದೆ ಧಸಕ್ ಅಂದಿತು. ರಾತ್ರಿ ಮಳೆ ಸುರಿದು ತಣ್ಣಗಾಗಿತ್ತಲ್ಲ, ಮಧ್ಯಾಹ್ನ ಬಿಸಿಲು ಬಂದಾಗ ಮುಳ್ಳು ಮತ್ತೆ ಮೊದಲಿನ ಗೆರೆಗೇ ಬಂದು ನಿಂತಿತು.

ಮಾರ್ಕು ಕೊಡಲೇಬೇಕಿದ್ದರೆ ಬಂದರಿನ ಅಂಗಡಿಗೆ ಐದರಲ್ಲಿ ಒಂದು, ಅದೂ ಚಹಾಕ್ಕೆ. ಬೈಕಂಪಾಡಿಗೆ ನಾಲ್ಕು. ಹೋಗುವುದಿದ್ದರೆ ಬೆಳಿಗ್ಗೆ ಹತ್ತರೊಳಗೆ ಹೋಗಿ, ಶನಿವಾರ ಮಧ್ಯಾಹ್ನದ ಮೇಲೆ ಬೇಡ, ಟಿಸಿಯ ಒರಿಜಿನಲ್ ಅಲ್ಲೇ ಕೂತು ಓದಿ, ಕೂರಲು ಕುರ್ಚಿ ಇಲ್ಲ, ಬೆಂಚಿನ ಎಡತುದಿ ಅಲ್ಲಾಡುತ್ತದೆ. ಮೊನ್ನೆ ಗ್ಯಾಸ್ಕೆಟ್ ತರಲು ಮತ್ತೆ ಹೋಗಿದ್ದೆ. ನನ್ನ ಗುರುತು ಸಿಕ್ಕಿತು, ನಕ್ಕರು, ಆದರೂ ಗ್ಯಾಸ್ಕೆಟ್ ಎತ್ತುವ ಮೊದಲು ಅದೇ ಪ್ರಶ್ನೆ, ಒಳಗೆ ಏನು ಹೋಗುತ್ತದೆ?